ಚಲಪತಣ್ಣನ ಬರೀ ಲೈಟು

ಚಲಪತಣ್ಣ ಯಾರಿಗೂ ‘ನಗಿ’ ಎಂದವನಲ್ಲ. ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದವನೇ ಬೈಯಲು ಶುರು ಮಾಡುತ್ತಿದ್ದ. “ಏನಯ್ಯಾ, ಕಂಬಕ್ಕೆ ಕಟ್ಟಿಹಾಕಿದಂಗೆ ನಿಂತಿದ್ದೀಯ? ಪಕ್ಕದಲ್ಲಿರೋದು ಹೆಂಡ್ತಿ ಕಣಯ್ಯ, ಪೊಲೀಸಲ್ಲ.” ಹೆಂಗಸರಿಗೂ ರಿಯಾಯಿತಿ ಇರಲಿಲ್ಲ. “ಏಮ್ಮಾ, ಆ ಕತ್ತೇನು ತೆಂಗಿನಮರವಾ, ಒಂಚೂರು ಬಗ್ಗಲ್ವಾ?” ಎನ್ನುತ್ತಿದ್ದ. ಊರಿನ ದೊಡ್ಡ ಕುಳ ಬಂದು ನಿಂತರೆ, “ಯಜಮಾನ್ರೇ, ಆ ಹೊಟ್ಟೆ ಒಂದ್ನಿಮಿಷ ಒಳಗಿಟ್ಕೊಳಿ, ಮಿಕ್ಕೋರ್ಗೂ ಜಾಗ ಬೇಕು” ಎನ್ನುತ್ತಿದ್ದ. ಬೈಸಿಕೊಂಡವರು ಒಂದೋ ಉರಿದುಬೀಳುತ್ತಿದ್ದರು, ಇಲ್ಲವೇ ತಡೆಯಲಾರದೆ ನಕ್ಕುಬಿಡುತ್ತಿದ್ದರು. ಅವನು ಗುಂಡಿ ಒತ್ತುತ್ತಿದ್ದದ್ದು ಆಗ. ಹಾಗಾಗಿ ಶ್ರೀನಿವಾಸಪುರದ ಯಾವ ಮನೆಯ ಹಳೆಯ ಆಲ್ಬಮ್ ತೆರೆದರೂ ಅದರಲ್ಲಿರುವವರೆಲ್ಲ ಆಗಷ್ಟೇ ಜಗಳವಾಡಿ ಗೆದ್ದು ಬಂದವರ ಹಾಗೆ ಕಾಣುತ್ತಾರೆ. ಮುಖದಲ್ಲಿ ಜೀವ ಇರುತ್ತದೆ.

ಅವನ ವೈಕುಂಠ ಸಮಾರಾಧನೆಗೆ ಮುಳಬಾಗಿಲಿಗೆ ಹೋಗಿದ್ದೆ. ಕೊನೆಗಾಲದಲ್ಲಿ ಅಲ್ಲಿ ಮಗಳ ಮನೆಯಲ್ಲಿದ್ದ. ಕುರ್ಚಿಯ ಮೇಲೆ ಹಾರ ಹಾಕಿಟ್ಟ ಫೋಟೋದಲ್ಲಿ ಚಲಪತಣ್ಣ ವಿಧೇಯನಾಗಿ ಹಲ್ಲು ಬಿಟ್ಟುಕೊಂಡು ಕೂತಿದ್ದ. ಯಾರೋ ಮೊಬೈಲಿನಲ್ಲಿ ‘ನಗಿ’ ಅಂದು ತೆಗೆದದ್ದಂತೆ. ಅದು ಅವನೇ ಅಲ್ಲ. ಅದರ ಮುಂದೆ ಕೈಮುಗಿದು ನಿಂತಾಗ ನನಗೆ ದುಃಖವಾಗಲಿಲ್ಲ, ಕೋಪ ಬಂತು. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರು ನನ್ನ ಸುತ್ತ ಬೇಕಾದಷ್ಟಿದ್ದಾರೆ. ಅವರ ಮನೆಯ ಗೋಡೆಯ ಮೇಲೆ ಅವರಮ್ಮನ ಫೋಟೋ ಇದೆ. ನಮ್ಮ ಮನೆಯ ಗೋಡೆಯ ಮೇಲೆ ನಮ್ಮಮ್ಮನ ಫೋಟೋ ಇಲ್ಲ. ಅದಕ್ಕೆ ಒಬ್ಬ ಕಾರಣ ನಮ್ಮ ದೊಡ್ಡಪ್ಪ, ಇನ್ನೊಬ್ಬ ಈ ಚಲಪತಣ್ಣ.

ಅವನ ಸ್ಟುಡಿಯೋ ಇದ್ದದ್ದು ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಮೇಲೆ ಹೋದರೆ ಪೌಡರ್ ವಾಸನೆ. ಕನ್ನಡಿಯ ಪಕ್ಕ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. ಹಿಂದಿನ ಪರದೆಯ ಮೇಲೆ ಒಂದು ಕೆರೆ, ಕೆರೆಯಲ್ಲಿ ಎರಡು ಹಂಸ. ಕೂತವರೆಲ್ಲ ಎಣ್ಣೆ ತಲೆ ಒರಗಿಸಿ ಒರಗಿಸಿ ಒಂದು ಹಂಸದ ಕತ್ತು ಮಾಸಿಹೋಗಿತ್ತು. ಅವನ ಶರ್ಟಿನ ಜೇಬಿನಲ್ಲಿ ಯಾವಾಗಲೂ ಫಿಲ್ಮಿನ ಎರಡು ಪುಟ್ಟ ಡಬ್ಬಿಗಳು. ಒಂದರಲ್ಲಿ ಫಿಲ್ಮು, ಇನ್ನೊಂದರಲ್ಲಿ ನಶ್ಯ. ಒಂದು ಕಣ್ಣು ಮುಚ್ಚಿ ಮುಚ್ಚಿ ಆ ಕಣ್ಣು ಇನ್ನೊಂದಕ್ಕಿಂತ ಕಿರಿದಾಗಿತ್ತು. ಅದರಿಂದಲೋ ಏನೋ, ಸುಮ್ಮನೆ ನೋಡಿದರೂ ನಮ್ಮನ್ನು ಅನುಮಾನಿಸುತ್ತಿರುವಂತೆ ಕಾಣುತ್ತಿದ್ದ.

ಕಲರ್ ರೋಲುಗಳನ್ನು ತೊಳೆಸಲು ಕೋಲಾರದ ಲ್ಯಾಬಿಗೆ ಕಳಿಸಬೇಕಿತ್ತು. ಬಸ್ ಕಂಡಕ್ಟರ್ ಕೈಯಲ್ಲಿ ಚೀಲ ಕೊಟ್ಟು, ಅವನಿಗೂ ಬೈದೇ ಕಳಿಸುತ್ತಿದ್ದ. “ಇಂಜಿನ್ ಮೇಲೆ ಇಟ್ಟೀಯ ಮತ್ತೆ. ಇದು ಟೊಮೇಟೊ ಅಲ್ಲ, ಮನುಷ್ಯರು.”

ನನಗೆ ಅವನ ಮೇಲೆ ಭಕ್ತಿ ಹುಟ್ಟಿದ್ದು ಅಕ್ಕನಿಗೆ ಗಂಡು ನೋಡಲು ಶುರು ಮಾಡಿದಾಗ. ಗಂಡಿನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಅಪ್ಪ ತೀರಿಹೋಗಿ ನಾವು ದೊಡ್ಡಪ್ಪನ ಯಜಮಾನಿಕೆಯಲ್ಲಿದ್ದ ಕಾಲ ಅದು. ದೊಡ್ಡಮ್ಮನೇ ಅಕ್ಕನನ್ನೂ ನನ್ನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅಕ್ಕನ ಹೆಸರು ಸರಳ, ಬಣ್ಣ ನಮ್ಮಪ್ಪನದು, ಕಪ್ಪು. ದೊಡ್ಡಮ್ಮ ದನಿ ತಗ್ಗಿಸಿ, “ಒಂಚೂರು ಬೆಳ್ಳಗೆ ಬರೋ ಹಂಗೆ ಮಾಡಪ್ಪ” ಅಂದರು. ಚಲಪತಣ್ಣ ದನಿ ತಗ್ಗಿಸಲಿಲ್ಲ.

“ಸುಣ್ಣ ಹೊಡೆಯೋರು ಬೀದಿ ಕೊನೇಲವ್ರೆ, ಅಲ್ಲಿಗೆ ಕರ್ಕೊಂಡ್ಹೋಗಿ. ನಾನು ಇದ್ದದ್ದು ಇದ್ದಂಗೆ ತೆಗೆಯೋನು.”

ದೊಡ್ಡಮ್ಮನ ಮುಖ ನೋಡಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ನಗು ಬಂದುಬಿಟ್ಟಿತ್ತು. ಕಟಕ್. ಆ ಫೋಟೋವನ್ನೇ ಮಾಲೂರಿನವರು ಒಪ್ಪಿಕೊಂಡರು. ಇಟ್ಟಿಗೆ ಗೂಡಿನ ಆಫೀಸಿನಲ್ಲಿ ಲೆಕ್ಕ ಬರೆಯುವ ಭಾವ ಇವತ್ತಿಗೂ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಆ ದಿನದಿಂದ ನಾನು ಚಲಪತಣ್ಣನನ್ನು ದೇವರಂತೆ ನಂಬಿದೆ. ಸುಳ್ಳು ಹೇಳದ ಒಬ್ಬ ಗಂಡಸನ್ನಾದರೂ ನೋಡಿದೆನಲ್ಲ ಅಂತ ಹದಿನಾರರ ಹುಡುಗಿಗೆ ಅನ್ನಿಸಿತ್ತು.

ಆಗಿನ ಮದುವೆಗಳಲ್ಲಿ ನಡೆಯುತ್ತಿದ್ದ ಒಂದು ಕಳ್ಳಾಟವನ್ನು ಇಲ್ಲಿ ಹೇಳಬೇಕು. ಒಂದು ರೋಲಿಗೆ ಮೂವತ್ತಾರು ಫೋಟೋ. ಮದುವೆಗೆ ಇಷ್ಟು ರೋಲು ಅಂತ ಮೊದಲೇ ಮಾತಾಗುತ್ತಿತ್ತು. ಆದರೆ ಗಂಡುಹೆಣ್ಣಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಮದುವೆಗೆ ಬಂದ ಇಡೀ ಊರಿಗೆ ಇರುತ್ತಿತ್ತು. ಯಾರಿಗೂ ಬೇಡ ಎನ್ನುವಂತಿಲ್ಲ. ಅದಕ್ಕೆ ಫೋಟೋದವರು ಕಂಡುಕೊಂಡ ದಾರಿ ಬರೀ ಲೈಟು. ಫ್ಲ್ಯಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಫಳ್ ಎನ್ನುತ್ತದೆ, ಫಿಲ್ಮಿನ ಮೇಲೆ ಏನೂ ಬೀಳುವುದಿಲ್ಲ. ನಿಂತವರು ಫೋಟೋ ಆಯಿತೆಂದು ಸಂತೋಷವಾಗಿ ಊಟಕ್ಕೆ ಹೋಗುತ್ತಾರೆ. ಯಾರಿಗೆ ನಿಜ, ಯಾರಿಗೆ ಬರೀ ಲೈಟು ಎಂದು ಮನೆಯ ಯಜಮಾನ ದೂರದಿಂದಲೇ ಸನ್ನೆ ಮಾಡುತ್ತಿದ್ದ. ಅಡುಗೆಯವರು, ಹಾಲು ಹಾಕುವವರು, ದೂರದ ಬಡ ನೆಂಟರು, ಇಂಥವರ ಮೇಲೆ ಬರೀ ಲೈಟು ಬೀಳುತ್ತಿತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಅಕ್ಕನ ಮದುವೆ ತೊಂಬತ್ತರ ದಶಕದ ನಡುವಿನಲ್ಲಿ, ಶ್ರೀನಿವಾಸಪುರದಲ್ಲೇ ಆಯಿತು. ಧಾರೆ ಎರೆದವರು ದೊಡ್ಡಪ್ಪ, ದೊಡ್ಡಮ್ಮ. ಅಮ್ಮ ಬೆಳಗಿನಿಂದ ಉಗ್ರಾಣದ ಕೋಣೆಯಲ್ಲಿದ್ದಳು, ಅಕ್ಕಿ ಬೇಳೆ ತೆಂಗಿನಕಾಯಿ ಅಳೆದುಕೊಡುತ್ತ. ಹೊರಗೆ ಬರಬೇಡ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಬರದಂತೆ ಅವಳಿಗೆ ಕೆಲಸ ಕೊಟ್ಟಿದ್ದರು, ಅಷ್ಟೆ. ಮುಹೂರ್ತ ಮುಗಿದು ಫೋಟೋಗಳು ನಡೆಯುತ್ತಿದ್ದಾಗ ಅಕ್ಕ ನನ್ನನ್ನು ಕರೆದು, “ಅಮ್ಮನ್ನ ಕರ್ಕೊಂಡ್ ಬಾ. ಬರ್ದೇ ಇದ್ರೆ ನಾನು ಇಲ್ಲಿಂದ ಎದ್ದೋಗ್ತೀನಿ” ಅಂದಳು. ನಾನು ಓಡಿದೆ.

ಅಮ್ಮ ಬೇಡ ಬೇಡ ಎನ್ನುತ್ತಲೇ ಕೈ ತೊಳೆದಳು. ಅಕ್ಕ ತಂದುಕೊಟ್ಟಿದ್ದ ಜೇನುಬಣ್ಣದ ಸೀರೆಯ ಸೆರಗು ಸರಿಮಾಡಿಕೊಂಡಳು. ನನ್ನ ತಲೆಯ ಬಾಚಣಿಗೆ ಪಿನ್ನು ಕಿತ್ತು ತನ್ನ ಕೂದಲಿಗೆ ಸಿಕ್ಕಿಸಿಕೊಂಡಳು. ವೇದಿಕೆ ಹತ್ತಿ ಅಕ್ಕ ಭಾವನ ನಡುವೆ ನಿಂತಳು. ನಮ್ಮಮ್ಮ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಅವತ್ತು ಒಂದು ಕೈಯನ್ನು ಅಕ್ಕ ಹಿಡಿದುಕೊಂಡಿದ್ದಳು, ಇನ್ನೊಂದನ್ನು ಭಾವ. ಹಾಗಾಗಿ ಅವಳು ಹಲ್ಲು ಕಾಣುವಂತೆ ನಕ್ಕಳು. ನನ್ನ ನೆನಪಿನಲ್ಲಿ ಅವಳು ಹಾಗೆ ನಕ್ಕದ್ದು ಅದೊಂದೇ.

ಚಲಪತಣ್ಣ ಕ್ಯಾಮೆರಾ ಎತ್ತಿದ. “ಅಮ್ಮಾ, ಸ್ವಲ್ಪ ಈ ಕಡೆ ನೋಡಿ” ಅಂದ. ಬಹಳ ಮರ್ಯಾದೆಯಿಂದ ಅಂದ. ಬೆಳಕು ಫಳ್ ಎಂದಿತು. “ಆಯ್ತಮ್ಮಾ” ಅಂದ.

ಊರಿಗೆಲ್ಲ ಬೈಯುವವನು ನಮ್ಮಮ್ಮನಿಗೆ ಬೈಯಲಿಲ್ಲ. ಒಂದು ಫೋಟೋ ತೆಗೆದಮೇಲೆ ಅವನ ಬಲಗೈಯ ಹೆಬ್ಬೆರಳು ತಂತಾನೇ ಕ್ಯಾಮೆರಾದ ಮೇಲಿನ ಕಡ್ಡಿಯನ್ನು ಕರ್ರನೆ ಎಳೆದು ಫಿಲ್ಮನ್ನು ಮುಂದಕ್ಕೆ ಸರಿಸುತ್ತಿತ್ತು, ಅವತ್ತು ಆ ಸದ್ದೂ ಬರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಅಮ್ಮ ನಗುವುದನ್ನು ನೋಡುವುದರಲ್ಲಿ ಇದ್ಯಾವುದೂ ನನ್ನ ತಲೆಗೆ ಹೋಗಲಿಲ್ಲ.

ಆಲ್ಬಮ್ ಬಂದಾಗ ಅಮ್ಮ ಕೈ ಒರೆಸಿಕೊಂಡು ಕೂತು ಒಂದೊಂದೇ ಹಾಳೆ ತಿರುಗಿಸಿದಳು. ನಡುನಡುವಿನ ತೆಳು ಬಟರ್ ಪೇಪರನ್ನು ಜಾಗ್ರತೆಯಿಂದ ಎತ್ತಿ ಇಳಿಸಿದಳು. ಕೊನೆಯವರೆಗೆ ನೋಡಿ, ಎರಡು ಹಾಳೆ ಒಟ್ಟಿಗೆ ಅಂಟಿಕೊಂಡಿರಬಹುದೇನೋ ಎಂಬಂತೆ ಮತ್ತೆ ಮೊದಲಿನಿಂದ ತಿರುಗಿಸಿದಳು. ದೊಡ್ಡಪ್ಪ ಇದ್ದರು, ದೊಡ್ಡಮ್ಮ ಹತ್ತು ಕಡೆ ಇದ್ದರು, ಮಾಲೂರಿನ ಕಡೆಯ ಯಾರದೋ ಸ್ಕೂಟರ್ ಕೂಡ ಇತ್ತು. ಅಮ್ಮ ಆಲ್ಬಮನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, “ಚೆನ್ನಾಗ್ ಬಂದೈತೆ” ಎಂದು ಹೇಳಿ ಒಲೆಯ ಕಡೆ ಎದ್ದು ಹೋದಳು.

ನಾನು ಚಪ್ಪಲಿ ಮೆಟ್ಟಿದೆ.

“ಅಮ್ಮನ ಫೋಟೋ ಎಲ್ಲಿ, ಚಲಪತಣ್ಣ?”

“ಯಾವ್ದು?”

“ಅಕ್ಕಭಾವನ ಜೊತೆ ನಿಲ್ಸಿ ತೆಗೆದ್ಯಲ್ಲ, ಅದು.”

“ಓ, ಅದಾ. ರೋಲಿಗೆ ಬೆಳಕು ಹೊಡೀತಮ್ಮ. ಒಂದಷ್ಟು ಹೋದ್ವು.”

“ನೆಗೆಟಿವ್ ಕೊಡು.”

ಅವನು ಕೊಟ್ಟ. ಕೊಡದೆ ಇರಬಹುದಿತ್ತು. ಕಂದು ಬಣ್ಣದ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದೊಡ್ಡಪ್ಪನ ಮನೆಯವರು ನಿಂತ ಚೌಕ, ಅದಕ್ಕೆ ಅಂಟಿಕೊಂಡೇ ಭಾವನ ಗೆಳೆಯರು ನಿಂತ ಚೌಕ. ಅಮ್ಮ ವೇದಿಕೆಗೆ ಬಂದದ್ದು ಆ ಎರಡರ ನಡುವೆ. ಅಲ್ಲಿ ಸುಟ್ಟ ಚೌಕವೂ ಇರಲಿಲ್ಲ, ಖಾಲಿ ಚೌಕವೂ ಇರಲಿಲ್ಲ. ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟು ಅವನನ್ನೇ ನೋಡಿದೆ. ಅವನು ನಶ್ಯದ ಡಬ್ಬಿ ತೆರೆದು, ಏರಿಸದೆ, ಮುಚ್ಚಿದ.

“ನಿಮ್ ದೊಡ್ಡಪ್ಪನೇ ಹೇಳಿದ್ದು ಕಣಮ್ಮ. ಮೊದಲ್ನೇ ಆಲ್ಬಮ್ಮು, ಗಂಡಿನ ಕಡೆಯೋರು ನೋಡ್ತಾರೆ, ಗಂಡ ಇಲ್ದೋಳು ನಡುಮಧ್ಯ ನಿಂತಿದ್ರೆ ಚೆನ್ನಾಗಿರಲ್ಲ. ಬೇಡ ಅಂದ್ರೆ ಹುಡ್ಗಿ ಅಳ್ತಾಳೆ, ಬರೀ ಲೈಟು ಹೊಡ್ದು ಕಳ್ಸು ಅಂದ್ರು. ನಾನೇನ್ ಮಾಡ್ಲಿ? ಕರೆಸಿದೋರು ಅವ್ರು. ಎಲ್ರೂ ಮಾಡೋದೇ ಇದು.”

ಬರೀ ಲೈಟು ಎಂದರೇನೆಂದು ಅವನ ಬಾಯಿಂದಲೇ ಬಿಡಿಸಿ ಹೇಳಿಸಿದೆ. ಆಮೇಲೆ ಅಂದೆ, “ಅಕ್ಕನ್ನ ಬೆಳ್ಳಗೆ ಮಾಡು ಅಂದಿದ್ದಕ್ಕೆ ದೊಡ್ಡಮ್ಮಂಗೆ ಬೈದ್ಯಲ್ಲ. ಇದ್ದದ್ದು ಇದ್ದಂಗೆ ತೆಗೆಯೋನು ಅಂದ್ಯಲ್ಲ. ಅವತ್ತು ನಮ್ಮಮ್ಮ ಅಲ್ಲಿರ್ಲಿಲ್ವಾ, ಚಲಪತಣ್ಣ?”

ನನಗೆ ಅವನ ಕ್ಯಾಮೆರಾವನ್ನು ಕಿಟಕಿಯಿಂದ ಗೊಬ್ಬರದಂಗಡಿಯ ಮುಂದಕ್ಕೆ ಎಸೆಯಬೇಕು ಅನ್ನಿಸಿತು. ದಾರದ ಬಾಚಣಿಗೆ ಕಿತ್ತು ಬಿಸಾಕಿ ಬಂದೆ, ಅಷ್ಟೇ ಆದದ್ದು.

ದೊಡ್ಡಪ್ಪನನ್ನೂ ಕೇಳಿದೆ. “ಅವಳೇ ಏನೂ ಅಂದಿಲ್ಲ, ನಿಂದೇನೇ?” ಅಂದರು. ಅಮ್ಮ ಏನೂ ಅನ್ನದೆ ಇದ್ದದ್ದನ್ನು ಇಡೀ ಮನೆತನ ಅವಳ ಒಪ್ಪಿಗೆ ಎಂದುಕೊಂಡಿತು. ಅದು ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅಪ್ಪ ಅಮ್ಮನ ಮದುವೆಯಲ್ಲಿ ಫೋಟೋ ತೆಗೆಸುವ ಅನುಕೂಲ ಯಾರಿಗೂ ಇರಲಿಲ್ಲ. ಗುರುತಿನ ಚೀಟಿಯಲ್ಲಿ ಉಗುರಿನಷ್ಟು ಒಂದು ಮುಖವಿದೆ, ಅದು ಯಾರದಾದರೂ ಆಗಬಹುದು. ನಮ್ಮಮ್ಮ ನಮ್ಮಮ್ಮನಂತೆ ಇರಬಹುದಾಗಿದ್ದ ಒಂದೇ ಒಂದು ಫೋಟೋ ಅದು. ನಾನು ಚಲಪತಣ್ಣನ ಜೊತೆ ಮಾತು ಬಿಟ್ಟೆ. ಬಿ.ಎಡ್. ಅರ್ಜಿಗೆ ಫೋಟೋ ಬೇಕಾದಾಗ ಕೋಲಾರಕ್ಕೆ ಹೋಗಿ ತೆಗೆಸಿಕೊಂಡು ಬಂದೆ. ಅದರಲ್ಲಿ ನನ್ನ ಮುಖ ಬೇಯಿಸಿದ ಆಲೂಗಡ್ಡೆಯ ಹಾಗೆ ಬಂತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ನಾನು ಊರ ಹತ್ತಿರದ ಶಾಲೆಯಲ್ಲೇ ಟೀಚರಾದೆ. ಅಮ್ಮನೂ ನಾನೂ ಹಳೆಯ ಮನೆಯಲ್ಲೇ ಇದ್ದೆವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಮೊದಲು ಮಾಲೂರಿಗೆ ಬಂತು, ಆಮೇಲೆ ಕೋಲಾರ, ಮುಳಬಾಗಿಲು. ಚಲಪತಣ್ಣ ಬಹಳ ದಿನ ಮುಟ್ಟಲಿಲ್ಲ. ಕಡೆಗೆ ಕೋಲಾರದ ಲ್ಯಾಬಿನವರೇ ಫಿಲ್ಮ್ ತೊಳೆಯುವ ಯಂತ್ರ ಎತ್ತಿಬಿಟ್ಟಾಗ ವಿಧಿಯಿಲ್ಲದೆ ಒಂದನ್ನು ಕೊಂಡ. ಅದನ್ನು ಹೊತ್ತು ನಮ್ಮ ಶಾಲೆಗೆ ಗ್ರೂಪ್ ಫೋಟೋ ತೆಗೆಯಲು ಬಂದಾಗ ನಾನು ಮಾತನಾಡಿಸಲಿಲ್ಲ, ಆದರೆ ನೋಡದೆ ಇರಲಾಗಲಿಲ್ಲ. ಪ್ರತಿ ಫೋಟೋ ಆದಮೇಲೂ ಅವನ ಹೆಬ್ಬೆರಳು ಇಲ್ಲದ ಕಡ್ಡಿಯನ್ನು ಹುಡುಕಿಕೊಂಡು ಗಾಳಿಯಲ್ಲಿ ಒಮ್ಮೆ ಎಳೆಯುತ್ತಿತ್ತು. ಫಿಲ್ಮ್ ಇರಲಿಲ್ಲ, ಸರಿಸಬೇಕಾದದ್ದು ಏನೂ ಇರಲಿಲ್ಲ. ಬೆರಳಿಗೆ ಅದು ತಿಳಿಯಲೇ ಇಲ್ಲ.

ಅವನ ಕೋಪ ಮಾತ್ರ ಡಿಜಿಟಲ್ ಬಂದಮೇಲೆ ಎರಡರಷ್ಟಾಯಿತು. ಮೊದಲು ಬೈಸಿಕೊಂಡವರು ಮನೆಗೆ ಹೋಗುತ್ತಿದ್ದರು. ಈಗ ಗುಂಡಿ ಒತ್ತಿದ ತಕ್ಷಣ ಅವನ ಬೆನ್ನ ಹಿಂದೆ ಓಡಿಬಂದು “ತೋರ್ಸಿ, ತೋರ್ಸಿ” ಎನ್ನುತ್ತಿದ್ದರು. “ಬಾವಿ ಇಣುಕ್ದಂಗೆ ಇಣುಕ್ತಾರಲ್ಲಯ್ಯ. ನಿನ್ ಮೂತಿ ಬೆಳಿಗ್ಗೆ ಕನ್ನಡೀಲಿ ನೋಡ್ಲಿಲ್ವಾ?” ಎಂದು ಹೆಡ್‌ಮಾಸ್ಟರಿಗೇ ಅಂದ. ಮದುವೆಯವರು ಕಂಪ್ಯೂಟರ್ ಆಲ್ಬಮ್ ಬೇಕೆನ್ನತೊಡಗಿದ್ದರು. ಗಂಡುಹೆಣ್ಣನ್ನು ಹಿಮದ ಬೆಟ್ಟದ ಮೇಲೆ, ಗುಲಾಬಿಯ ಒಳಗೆ, ಟೀ ಕಪ್ಪಿನ ಒಳಗೆ ಕೂರಿಸುವ ಆಲ್ಬಮ್. “ರಾಯಲ್ಪಾಡಿನ ಹುಡ್ಗ, ತೋತಾಪುರಿ ಮಾರೋನು, ಅವನ್ನ ಕರ್ಕೊಂಡ್ಹೋಗಿ ಐಸ್ ಮೇಲೆ ಕೂರ್ಸವ್ರೆ. ನೆಗಡಿ ಆಗಲ್ವಾ ಅವ್ನಿಗೆ?” ಎಂದು ಟೀ ಅಂಗಡಿಯಲ್ಲಿ ಕೂಗಾಡಿದನಂತೆ.

ಬರೀ ಲೈಟಿನ ಕಾಲ ಮುಗಿಯಿತು ಅಂತ ನಾನು ಒಳಗೊಳಗೆ ಖುಷಿಪಟ್ಟಿದ್ದೆ. ಫೋಟೋ ಬಿತ್ತೋ ಇಲ್ಲವೋ ಅಲ್ಲೇ ಕಾಣುತ್ತದೆ, ಇನ್ನು ಯಾರೂ ಯಾರಿಗೂ ಮೋಸ ಮಾಡುವಂತಿಲ್ಲ ಎಂದುಕೊಂಡಿದ್ದೆ. ಯಜಮಾನರುಗಳು ನನಗಿಂತ ಬುದ್ಧಿವಂತರು. ಅವರು ಅಳಿಸುವ ಗುಂಡಿಯನ್ನು ಕಂಡುಹಿಡಿದರು.

ಅದನ್ನು ಕಣ್ಣಾರೆ ನೋಡಿದ್ದು ರಾಯಲ್ಪಾಡಿನ ಹತ್ತಿರದ ಒಂದು ಮದುವೆಯಲ್ಲಿ. ಮದುಮಗಳು ನಮ್ಮ ಶಾಲೆಯ ಟೀಚರು, ಹಾಗಾಗಿ ನಾನು ಹೋಗಿದ್ದೆ. ಫೋಟೋ ಚಲಪತಣ್ಣನದೇ. ಮದುಮಗಳ ಅಕ್ಕ ಬೇರೆ ಜಾತಿಯವನನ್ನು ಮದುವೆಯಾಗಿ ಮನೆಯಿಂದ ಹೊರಗಾದವಳು. ಕರೆಯದಿದ್ದರೂ ಬಂದಳು, ಯಾರ ಕಡೆಗೂ ನೋಡದೆ ನೇರ ವೇದಿಕೆ ಹತ್ತಿ ತಂಗಿಯನ್ನು ಅಪ್ಪಿಕೊಂಡಳು. ಚಲಪತಣ್ಣ ಕ್ಯಾಮೆರಾ ಎತ್ತಿ, “ಏಮ್ಮಾ, ಅತ್ತೂ ಅತ್ತೂ ಆ ಹುಡ್ಗಿ ಮೂಗಿನ ಬೊಟ್ಟು ಕಿತ್ತಾಕ್ತೀಯಾ? ಮುಖ ಎತ್ತೇ” ಎಂದು ಬೈದ. ಇಬ್ಬರೂ ಅಳುತ್ತಲೇ ನಕ್ಕರು. ಅಪ್ಪ ಎನ್ನಿಸಿಕೊಂಡವನು ಬಂದು ಕ್ಯಾಮೆರಾದ ಬೆನ್ನಿಗೆ ಕಣ್ಣಿಟ್ಟು ನೋಡಿದ.

“ಅದಿ ತೀಸೇಯ್” ಎಂದು ತೆಲುಗಿನಲ್ಲಿ ಅಂದ. “ಅಳಿಸಾಕು.”

“ತೆಗ್ದಿದ್ದು ತೆಗ್ದಾಯ್ತು ಯಜಮಾನ್ರೇ.”

“ನಾನು ಹೇಳ್ತಿದ್ದೀನಿ, ಅಳಿಸು. ಒಂದು ಗುಂಡಿ ಒತ್ತೋದು ಅಷ್ಟೆ ತಾನೆ?”

ಚಲಪತಣ್ಣ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ. ಅವನ ದನಿ ಊಟದ ಹಾಲಿನವರೆಗೂ ಕೇಳಿಸಿತು. “ಒಂದು ಗುಂಡಿ ಒತ್ತೋ ಕೆಲ್ಸ ಒಂದ್ಸಲ ಮಾಡಿದೀನಿ ಸ್ವಾಮಿ. ಆ ಯಮ್ಮ ಹಲ್ಲು ಕಾಣೋ ಹಂಗೆ ನಕ್ಕೊಂಡು ನಿಂತಿದ್ಲು. ಬರೀ ಲೈಟು ಹೊಡ್ದೆ. ಇವತ್ತೂ ಕಣ್ಣು ಮುಚ್ಚಿದ್ರೆ ಆ ಹಲ್ಲೇ ಕಾಣ್ಸೋದು. ಇನ್ನೊಂದ್ಸಲ ಮಾಡಲ್ಲ. ಬೇರೆಯವ್ರನ್ನ ಕರ್ಸ್ಕೊಳಿ.”

ಕ್ಯಾಮೆರಾ ಹೊತ್ತು ನಡೆದೇಬಿಟ್ಟ. ನನ್ನ ಪಕ್ಕದಲ್ಲೇ ಹಾದು ಹೋದ, ನಾನಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಅವನ ಬೆನ್ನು ತಟ್ಟಬೇಕು ಅನ್ನಿಸಿತು, ಅದರ ಜೊತೆಗೇ ಮೈಯೆಲ್ಲ ಉರಿಯಿತು. ಈ ಮಾತನ್ನು ನಮ್ಮ ದೊಡ್ಡಪ್ಪನ ಮುಖಕ್ಕೆ ಹೇಳಿದ್ದರೆ ಇವನಪ್ಪನ ಗಂಟು ಏನು ಹೋಗುತ್ತಿತ್ತು? ಯಾರದೋ ಮಗಳಿಗೆ ಸಿಕ್ಕ ಧೈರ್ಯ ನಮ್ಮಮ್ಮನಿಗೆ ಯಾಕೆ ಸಿಗಲಿಲ್ಲ?

ಮುಂದಿನ ಭಾನುವಾರ ಅವನು ನಮ್ಮ ಮನೆಯ ಬಾಗಿಲಿಗೆ ಬಂದ. ಕೊರಳಲ್ಲಿ ಹೊಸ ಕ್ಯಾಮೆರಾ. ಅಮ್ಮ ಕೂರಿಸಿ ಕಾಫಿ ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದೇ ಹಾಳು ಮರ್ಯಾದೆಯ ದನಿಯಲ್ಲಿ ಹೇಳಿದ. “ಅಮ್ಮಾ, ನಿಮ್ದೊಂದು ಫೋಟೋ ತೆಗೀತೀನಿ. ಇದ್ರಲ್ಲಿ ಫಿಲ್ಮೇ ಇಲ್ಲ. ತೆಗೆದಿದ್ದು ಇಲ್ಲೇ ನೀವೇ ನೋಡ್ಬೋದು.”

“ಅವತ್ತೂ ಫಿಲ್ಮ್ ಇರ್ಲಿಲ್ವಲ್ಲಪ್ಪ” ಅಂದಳು ಅಮ್ಮ.

ಅಷ್ಟು ವರ್ಷ ಅವಳು ಅದರ ಬಗ್ಗೆ ಒಂದಕ್ಷರ ಆಡಿರಲಿಲ್ಲ. ನಾನು ಅವಳಿಗೆ ಹೇಳಿಯೂ ಇರಲಿಲ್ಲ. ಚಲಪತಣ್ಣ ಲೋಟವನ್ನು ನೆಲದ ಮೇಲಿಟ್ಟ.

“ತಪ್ಪಾಯ್ತಮ್ಮಾ.”

“ಇರ್ಲಿ. ಸರಳ ಕೈ ಹಿಡ್ಕೊಂಡಿದ್ಲು, ಅಳಿಯಂದ್ರು ಕೈ ಹಿಡ್ಕೊಂಡಿದ್ರು. ನಾನು ನಕ್ಕಿದ್ದೆ, ಬೆಳಕು ಬಂತು. ನನ್ನ ಫೋಟೋ ಅಂದ್ರೆ ಅದೇ ಕಣಪ್ಪ. ಇನ್ನೊಂದು ಬೇಡ.”

“ಅಮ್ಮ, ನನಗೋಸ್ಕರ ತೆಗೆಸ್ಕೊಳ್ಳೇ” ಅಂದೆ ನಾನು. ನನ್ನ ದನಿ ಏರಿತ್ತು.

“ನಿಂಗೋಸ್ಕರ ಬದುಕಿದೀನಲ್ಲೇ, ಸಾಲ್ದಾ?” ಅಂದಳು. ಆಮೇಲೆ ಅವನ ಕಡೆ ತಿರುಗಿ, ಅಡುಗೆಗೆ ಏನು ಮಾಡಲಿ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದಳು. “ನಾನು ಹೋದ್ಮೇಲೂ ಬೇಡ. ಗೋಡೆ ಮೇಲಿಟ್ಟು ಹೂವ ಹಾಕೋರು, ಇದ್ದಾಗ ಪಕ್ಕದಲ್ಲಿ ನಿಲ್ಲಿಸ್ಕೋಬೇಕಾಗಿತ್ತು. ಯಾರು ಕರೆದ್ರೂ ತೆಗೀಬೇಡ. ಇದೊಂದ್ ಮಾತು ನಡ್ಸಿಕೊಡು.”

ಅವನು ತಲೆ ಆಡಿಸಿ, ತಣ್ಣಗಾದ ಕಾಫಿ ಕುಡಿದು ಹೋದ. ಆ ರಾತ್ರಿ ನಾನು ಅಮ್ಮನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ದೊಡ್ಡಪ್ಪನ ಮೇಲೆ, ಅದರ ದಂಡ ನನಗೆ. ಆಮೇಲೂ ಎಷ್ಟೋ ಸಲ ಕೇಳಿದೆ, ರೇಗಿದೆ, ಅತ್ತೆ. ಅಮ್ಮ ಮಿಕ್ಕ ಎಲ್ಲ ವಿಷಯದಲ್ಲೂ ಸೋಲುವವಳು, ಇದರಲ್ಲಿ ಸೋಲಲಿಲ್ಲ.

ಆ ದಶಕ ಮುಗಿಯುವ ಮೊದಲು ಅಮ್ಮ ಹೋದಳು. ಬೆಳಿಗ್ಗೆ ಹೂ ಕೀಳಲು ಹೋದವಳು ಬಾವಿಕಟ್ಟೆಯ ಹತ್ತಿರ ಕೂತುಬಿಟ್ಟಳು, ಅಷ್ಟೆ. ನಡುಮನೆಯಲ್ಲಿ ಮಲಗಿಸಿದ್ದೆವು. ಮಾಲೂರಿನಿಂದ ಅಕ್ಕ ಭಾವ ಇನ್ನೂ ಬಂದಿರಲಿಲ್ಲ. ದೊಡ್ಡಪ್ಪ, ದೊಡ್ಡಮ್ಮ ಬಂದರು. ವಯಸ್ಸಾಗಿ ಬಗ್ಗಿದ್ದರೂ ಯಜಮಾನಿಕೆ ಬಗ್ಗಿರಲಿಲ್ಲ. ಸುತ್ತ ನೋಡಿ, “ಗೋಡೆಗೆ ಒಂದು ಫೋಟೋನೂ ಇಲ್ಲ ಇವಳದ್ದು. ಆ ಚಲಪತಿಗೆ ಹೇಳಿಕಳ್ಸಿ. ಹೂವಿನ ಅಲಂಕಾರ ಮಾಡಿ ಒಂದು ತೆಗೆಸ್ಬೇಕು” ಅಂದರು. ಅಮ್ಮ ಬೇಡವೆಂದಿದ್ದಳು ಎಂದು ಹೇಳಬೇಕು. ಆದರೆ ನನಗೆ ಆ ಫೋಟೋ ಬೇಕಿತ್ತು. ಕಣ್ಣು ಮುಚ್ಚಿದ ಅಮ್ಮನಾದರೂ ಸರಿ, ಬೇಕಿತ್ತು. ನಾನು ಸುಮ್ಮನೆ ಕೂತೆ.

ಚಲಪತಣ್ಣ ಬಂದ. ಕೊರಳಲ್ಲಿ ಇದ್ದದ್ದು ಹಳೆಯ ಕ್ಯಾಮೆರಾ, ಮೇಲೆ ಆ ಹಳೆಯ ಫ್ಲ್ಯಾಶು. ಬಹಳ ವರ್ಷಗಳಿಂದ ಅದನ್ನು ಯಾರೂ ನೋಡಿರಲಿಲ್ಲ. “ಡಿಜಿಟಲ್ ತರ್ಲಿಲ್ವೇನಯ್ಯ?” ಎಂದರು ದೊಡ್ಡಪ್ಪ.

“ರಿಪೇರಿಗೆ ಕೊಟ್ಟಿದೀನಿ ಯಜಮಾನ್ರೇ. ಇದು ಇನ್ನೂ ಚೆನ್ನಾಗ್ ಬರುತ್ತೆ.”

ದೊಡ್ಡಪ್ಪ ಶಲ್ಯ ಸರಿಮಾಡಿಕೊಂಡು ಹೋಗಿ ಅಮ್ಮನ ತಲೆಯ ಪಕ್ಕದಲ್ಲಿ ಕೂತರು. ಇದ್ದಾಗ ಪಕ್ಕಕ್ಕೆ ಸೇರಿಸದವರು ಈಗ ಹಣೆಯ ಮೇಲೆ ಕೈಯಿಟ್ಟುಕೊಂಡು, ಮುಖಕ್ಕೆ ದುಃಖ ತಂದುಕೊಂಡು ಕೂತರು. ನಾನು ಎದ್ದು ಏನು ಮಾಡಿಬಿಡುತ್ತಿದ್ದೆನೋ. ಅಷ್ಟರಲ್ಲಿ ಚಲಪತಣ್ಣನ ದನಿ ಕೇಳಿಸಿತು.

“ಸ್ವಾಮಿ, ಸ್ವಲ್ಪ ಈ ಕಡೆ ನೋಡಿ” ಅಂದ. ಬಹಳ ಮರ್ಯಾದೆಯಿಂದ ಅಂದ.

ಅವನ ಕೈ ನೋಡಿದೆ. ಬೆಳಕು ಫಳ್ ಎಂದಿತು. ಹೆಬ್ಬೆರಳು ಅಲ್ಲಾಡಲಿಲ್ಲ. “ಇನ್ನೊಂದು, ಸ್ವಾಮಿ” ಅಂದ. ಮತ್ತೆ ಬೆಳಕು, ಮತ್ತೆ ಹೆಬ್ಬೆರಳು ಕಲ್ಲಿನ ಹಾಗೆ ಇದ್ದಲ್ಲೇ ಇತ್ತು. ದೊಡ್ಡಮ್ಮ ಎದ್ದು ಬಂದು, “ಹೆಂಗ್ ಬಂತು ತೋರ್ಸಪ್ಪ” ಅಂದರು.

“ಇದ್ರಲ್ಲಿ ಕಾಣಲ್ಲ ತಾಯಿ. ತೊಳೆಸ್ಬೇಕು. ಬಂದಾಗ ಬರುತ್ತೆ.”

ಕೂಗಿ ಹೇಳಬಹುದಿತ್ತು ನಾನು. ಇವನು ತೆಗೆಯುತ್ತಿಲ್ಲ, ಬೇರೆ ಯಾರನ್ನಾದರೂ ಕರೆಸಿ ಎಂದು ಒಂದು ಮಾತು ಸಾಕಿತ್ತು, ಅಮ್ಮನ ಮುಖ ನನಗೆ ಉಳಿಯುತ್ತಿತ್ತು. ಕೂಗಲಿಲ್ಲ. ಅಮ್ಮನಿಗೆ ಕೊಟ್ಟ ಮಾತನ್ನು ಅವನು ನನ್ನ ಕಣ್ಣೆದುರಿಗೆ ನಡೆಸಿಕೊಡುತ್ತಿದ್ದ. ಅವನ ಮೇಲೆ ನನಗೆ ಅಷ್ಟು ಕೋಪ ಹಿಂದೆಂದೂ ಬಂದಿರಲಿಲ್ಲ, ಅಕ್ಕನ ಮದುವೆಯ ಆಲ್ಬಮ್ ಬಂದಾಗಲೂ.

ದೊಡ್ಡಪ್ಪ ಎದ್ದು ಹೊರಗೆ ಹೋದರು. ಚಲಪತಣ್ಣ ಹೋಗಲಿಲ್ಲ. ಅಮ್ಮನ ಕಾಲ ಬುಡದಲ್ಲಿ ಬಂದು ನಿಂತ. ಕ್ಯಾಮೆರಾ ಹೊಟ್ಟೆಯ ಮೇಲೆ ನೇತಾಡುತ್ತಿತ್ತು. ಆ ಕಿರಿದಾದ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿ ಅವಳನ್ನೇ ನೋಡಿದ. ಆಮೇಲೆ ಮನೆ ತುಂಬ ಕೂತಿದ್ದ ಹೆಂಗಸರೆಲ್ಲ ಬೆಚ್ಚಿಬೀಳುವ ಹಾಗೆ ಬೈಯತೊಡಗಿದ.

“ಏಮ್ಮಾ, ಏನ್ ಹಿಂಗ್ ಮಲ್ಗಿದ್ದೀಯ? ಮಗಳು ಒಬ್ಳೇ ಕೂತವ್ಳೆ, ಕಾಣ್ಸಲ್ವಾ? ಏನ್ ಹಟಾನಮ್ಮ ನಿಂದು. ನಾನ್ ಮಾಡಿದ್ ತಪ್ಪಿಗೆ ಆ ಹುಡ್ಗೀನ ಯಾಕೆ ಸಾಯಿಸ್ತೀಯ? ಆ ಸೆರಗು ತೆಗಿ ಬಾಯಿಂದ. ಮುಖ ಎತ್ತು. ಒಂಚೂರು ಈ ಕಡೆ ತಿರುಗೇ ತಾಯಿ.”

ಯಾರೋ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಅವನನ್ನು ನಾನು ನೋಡಿದ್ದು ಅದೇ ಕೊನೆ. ನಮ್ಮಮ್ಮನಿಗೆ ಅವನು ಬೈದದ್ದು ಅದೊಂದೇ ಸಲ. ಬೈದು ಮುಗಿಸಿದಾಗ ಅವನ ಎರಡೂ ಕೈ ಖಾಲಿಯಾಗಿ ಪಕ್ಕದಲ್ಲಿ ಜೋತುಬಿದ್ದಿದ್ದವು. ಬಲಗೈಯ ಹೆಬ್ಬೆರಳು ಮಾತ್ರ ಗಾಳಿಯಲ್ಲಿ ಒಮ್ಮೆ ನಿಧಾನವಾಗಿ ಎಳೆಯಿತು.